ಮೂಗುತಿಯ ದೇವದೂತೆ

ನಿನ್ನೆಯಿಂದ ನಮ್ಮ ಶಾಲೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದಾರೆ. ಕುಣಿಗಲ್ಲಿನ ಈ ಹೈಸ್ಕೂಲಿಗೆ ನಾನು ಬಂದ ಮೇಲೆ ಆ ಗೇಟು ಬಣ್ಣದ ಮುಖ ನೋಡುತ್ತಿರುವುದು ಇದೇ ಮೊದಲು. ಟರ್ಪೆಂಟೈನ್ ವಾಸನೆ ಕಾರಿಡಾರಿಗೆಲ್ಲ ಹಬ್ಬಿ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೆರಗು, ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕೂತಿದ್ದರು. ವಿಜ್ಞಾನದ ಮೇಡಂ ಅಂತೂ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಹೊರಟೇಹೋದರು. ನಾನೊಬ್ಬಳು ಮಾತ್ರ ಕಿಟಕಿಯ ಪಕ್ಕದ ಕುರ್ಚಿಗೆ ಜಾಗ ಬದಲಿಸಿ, ಆ ವಾಸನೆಯನ್ನು ಆರಾಮವಾಗಿ ಒಳಗೆಳೆದುಕೊಳ್ಳುತ್ತಿದ್ದೆ. "ನಿಮಗೇನೂ ಆಗಲ್ವಾ ಮೇಡಂ?" ಎಂದು ಪಕ್ಕದವರು ಕೇಳಿದರು. ಏನಾಗುತ್ತದೆ ನೀವೇ ಹೇಳಿ. ಕೆಲವರಿಗೆ ಅಪ್ಪ ಎಂದರೆ ನಶ್ಯದ ವಾಸನೆ, ಕೆಲವರಿಗೆ ವಿಭೂತಿಯದು. ನನಗೆ ಅಪ್ಪ ಎಂದರೆ ಟರ್ಪೆಂಟೈನ್. ಚಿಕ್ಕಂದಿನಲ್ಲಿ ಎಲ್ಲ ಅಪ್ಪಂದಿರ ಅಂಗಿಯೂ ಹೀಗೇ ನಾರುತ್ತದೆಂದು ನಂಬಿದ್ದವಳು ನಾನು.

ನನ್ನ ಅಬ್ಬಾ ತುಮಕೂರಿನಲ್ಲಿ ಬೋರ್ಡು ಬರೆಯುತ್ತಿದ್ದರು. ಪೇಂಟರ್ ಬಾಷಾ ಎಂದರೆ ಪೇಟೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಗುಬ್ಬಿಯ ಅಡಿಕೆ ಮಂಡಿಗಳಿಂದ ಹಿಡಿದು ಹಿರೇಹಳ್ಳಿಯ ಕಾರ್ಖಾನೆಗಳವರೆಗೆ ಅವರ ಅಕ್ಷರಗಳು ಎದ್ದು ನಿಂತಿದ್ದವು. ಅವರ 'ಳ'ದ ಹೊಟ್ಟೆ ಎಷ್ಟು ತುಂಬಿಕೊಂಡಿರುತ್ತಿತ್ತೆಂದರೆ, ಆ ಅಕ್ಷರ ಆಗ ತಾನೇ ಊಟ ಮಾಡಿ ಎದ್ದು ಬಂದಂತೆ ಕಾಣುತ್ತಿತ್ತು. ಊರಿನ ಅರ್ಧ ಅಂಗಡಿಗಳಿಗೆ ಹೆಸರು ಬರೆದ ಈ ಮನುಷ್ಯನ ಸ್ವಂತ ಅಂಗಡಿಗೆ ಮಾತ್ರ ಬೋರ್ಡು ಇರಲಿಲ್ಲ. ಕೇಳಿದರೆ "ಬರೀತೀನಿ, ಬಿಡುವಾಗ್ಲಿ" ಅನ್ನುವರು. ಆ ಬಿಡುವು ಮುಂದೆ ಬಂತು, ಆದರೆ ಯಾರೂ ಬಯಸದ ರೀತಿಯಲ್ಲಿ ಬಂತು.

ಹಿರೇಹಳ್ಳಿಯ ಒಂದು ಕಾರ್ಖಾನೆಯ ಗೋಡೆಯ ಮೇಲೆ ಹೆಸರು ಬರೆಯುತ್ತಿದ್ದಾಗ ಏಣಿ ಜಾರಿ ಬಿದ್ದರು. ಕಾಲಿನ ಮೂಳೆ ಕೂಡಿಕೊಂಡಿತು, ನಡೆಯುವುದಕ್ಕೂ ಏನೂ ತೊಂದರೆಯಾಗಲಿಲ್ಲ. ಆದರೆ ಒಳಗೆ ಏನೋ ಕೂಡಿಕೊಳ್ಳಲಿಲ್ಲ. ಆಮೇಲೆ ಅವರು ಎತ್ತರಕ್ಕೆ ಹತ್ತಲೇ ಇಲ್ಲ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದುದು ನನ್ನ ಅಮ್ಮಿ. ಅಬ್ಬಾ ಕೆಳಗೆ ನಿಂತು "ಹುಷಾರು, ಹುಷಾರು" ಎನ್ನುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದೇ ಕಾಲಕ್ಕೆ ಪೇಟೆಗೆ ಫ್ಲೆಕ್ಸ್ ಬಂತು. ಬೆಳಗ್ಗೆ ಹೇಳಿದರೆ ಸಂಜೆಗೆ ಬೋರ್ಡು ರೆಡಿ, ಅದರ ಮೇಲೆ ಅಂಗಡಿಯವನ ಫೋಟೋ ಬೇರೆ. ಅಬ್ಬಾಗೆ ಉಳಿದದ್ದು ಸ್ಕೂಟರುಗಳ ನಂಬರ್ ಪ್ಲೇಟು. ನೆಲದ ಮೇಲೆ ಕೂತು ಮಾಡುವ ಕೆಲಸ. ಅವರು ಅದರಲ್ಲೇ ಸುಖವಾಗಿರುವಂತೆ ನಟಿಸುತ್ತಿದ್ದರು, ನಾವು ಆ ನಟನೆಯನ್ನು ನಂಬಿದಂತೆ ನಟಿಸುತ್ತಿದ್ದೆವು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಮಾತು ಉರ್ದು. ಆದರೆ ಅಬ್ಬಾ ತುಂಬಾ ಖುಷಿಯಾದಾಗ, ಇಲ್ಲವೇ ವಿಪರೀತ ಸಿಟ್ಟು ಬಂದಾಗ ಅವರಿಗೇ ತಿಳಿಯದೆ ಕನ್ನಡಕ್ಕೆ ಹೊರಳಿಬಿಡುತ್ತಿದ್ದರು. ಹಾಗಾಗಿ ಮನೆಯಲ್ಲಿ ಕನ್ನಡ ಕೇಳಿಸಿತೆಂದರೆ ನಾವು ಕಿವಿ ನಿಮಿರಿಸಿಕೊಳ್ಳುತ್ತಿದ್ದೆವು. ಉಳಿದ ಮಾತುಗಳನ್ನು ನಾನಿಲ್ಲಿ ಕನ್ನಡ ಮಾಡಿಯೇ ಹೇಳುತ್ತಿದ್ದೇನೆ.

ಆ ವರ್ಷ ನಾನು ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಬಿಳಿ ನಿಲುವಂಗಿಯ ಫಾದರ್ ಒಬ್ಬರು ನಮ್ಮ ಅಂಗಡಿ ಮುಂದೆ ಸ್ಕೂಟರು ನಿಲ್ಲಿಸಿದರು. ಊರಿನ ಹಳೆಯ ಚರ್ಚಿಗೆ ಹೊಸದಾಗಿ ಬಂದವರು. ನಂಬರ್ ಪ್ಲೇಟಿಗೇ ಇರಬೇಕೆಂದು ಅಬ್ಬಾ ಸ್ಕೂಟರಿನ ಹಿಂಭಾಗ ನೋಡಿದರು. ಫಾದರ್ ನಕ್ಕು, "ಪ್ಲೇಟಲ್ಲ ಬಾಷಾ ಅವರೇ, ಆಕಾಶ ಇದೆ. ನಮ್ಮ ಚರ್ಚಿನ ಚಾವಣಿ ಪೂರ್ತಿ ಮಸಿ ಹಿಡಿದುಬಿಟ್ಟಿದೆ. ಹಬ್ಬದ ಹೊತ್ತಿಗೆ ಅದನ್ನ ಮತ್ತೆ ನೀಲಿ ಮಾಡಿಕೊಡಬೇಕು" ಎಂದರು.

"ನಾನು ಬೋರ್ಡ್ ಬರೆಯೋನು ಫಾದರ್."

"ಗೊತ್ತು. ಅದಕ್ಕೇ ಬಂದೆ. ಗೋಡೆಗೆ ಬಣ್ಣ ಬಳಿಯೋರು ಬೇಕಾದಷ್ಟು ಜನ ಸಿಗ್ತಾರೆ. ನನಗೆ ಗೆರೆ ಎಳೆಯೋ ಕೈ ಬೇಕು. ಮೊದಲು ಬಂದು ನೋಡಿ, ಆಮೇಲೆ ಆಗಲ್ಲ ಅನ್ನಿ."

ಮರುದಿನ ನಾನೂ ಅಬ್ಬಾನ ಹಿಂದೆ ಹೋದೆ. ಆ ಚರ್ಚಿನ ಕಾಂಪೌಂಡಿನ ಪಕ್ಕದಲ್ಲೇ ಎಷ್ಟೋ ವರ್ಷ ಕಾಲೇಜಿಗೆ ಓಡಾಡಿದ್ದೆ. ಹೊರಗಿನಿಂದ ನೋಡಿದರೆ ಅದೊಂದು ಉದ್ದನೆಯ, ಮಂಕು ಹಳದಿ ಬಣ್ಣದ ಕಟ್ಟಡ. ಒಳಗೆ ಏನಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮೂರಿನ ಬಗ್ಗೆ ನನಗೆಲ್ಲ ಗೊತ್ತೆಂದು ಕೊಚ್ಚಿಕೊಳ್ಳುತ್ತಿದ್ದ ಕಾಲ ಅದು.

ಒಳಗೆ ಕಾಲಿಟ್ಟಾಗ ಮೊದಲು ತಟ್ಟಿದ್ದು ತಂಪು, ಆಮೇಲೆ ಸಾಂಬ್ರಾಣಿಯ ವಾಸನೆ. ನಮ್ಮ ದರ್ಗಾದಲ್ಲಿ ಇರುವ ಅದೇ ವಾಸನೆ. ಹಾಗಾಗಿ ಮೂಗಿಗೆ ಜಾಗ ಹೊಸದೆನಿಸಲಿಲ್ಲ. ಕಣ್ಣು ಮಾತ್ರ ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಹೊಂದಿಕೊಂಡ ಮೇಲೆ ಒಂದೊಂದೇ ಎದ್ದು ಬಂದವು. ಎರಡೂ ಪಕ್ಕ ಸಾಲಾಗಿ ನಿಂತ ದಪ್ಪ ಕಂಬಗಳು. ಪ್ರತಿ ಕಂಬದ ತಲೆಯ ಮೇಲೆ ಗಾರೆಯಲ್ಲಿ ಅರಳಿಸಿದ ಎಲೆಗಳು. ಕಂಬದಿಂದ ಕಂಬಕ್ಕೆ ಹಾರಿದ ಕಮಾನುಗಳು. ಬಣ್ಣದ ಗಾಜಿನ ಕಿಟಕಿಗಳಿಂದ ಬಿಸಿಲು ಒಳಗಿಳಿದು, ಬೆಂಚುಗಳ ಮೇಲೆ ಕೆಂಪು, ಹಸಿರು, ಜೇನುಬಣ್ಣ ಚೆಲ್ಲಿಕೊಂಡಿತ್ತು. ನಾನು ಕೈ ಚಾಚಿದರೆ ನನ್ನ ಅಂಗೈ ಕೆಂಪಾಯಿತು. ಬೆರಳು ಸರಿಸಿದರೆ ಹಸಿರಾಯಿತು. ಇಪ್ಪತ್ತು ದಾಟಿದ ಹುಡುಗಿ, ಪದವೀಧರೆ, ಅಲ್ಲಿ ನಿಂತು ಕೈಗೆ ಬಣ್ಣ ಹಚ್ಚಿಕೊಂಡು ಆಡುತ್ತಿದ್ದೆ.

ಎದುರಿಗೆ ಬಲಿಪೀಠ. ಅದನ್ನು ಹೇಗೆ ಹೇಳಲಿ? ನೆಲದಿಂದ ಎದ್ದ ಮರದ ಕೆತ್ತನೆ ಗೋಡೆಯನ್ನೇ ತುಂಬಿಕೊಂಡು ಮೇಲಕ್ಕೆ ಹೋಗಿತ್ತು. ಅದರಲ್ಲಿ ಗೂಡುಗಳು, ಗೂಡುಗಳಲ್ಲಿ ಸಂತರು, ಸಂತರ ತಲೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳು, ಆ ಗೋಪುರಗಳಿಗೂ ಸೂಜಿಮೊನೆಯಂಥ ತುದಿಗಳು. ಅಂಚಿಗೆ ದ್ರಾಕ್ಷಿ ಬಳ್ಳಿ, ನಡುನಡುವೆ ಗೋಧಿ ತೆನೆ. ಅಲ್ಲಲ್ಲಿ ಬಂಗಾರದ ರೇಕು ಉಳಿದುಕೊಂಡು ಮಿಣುಕುತ್ತಿತ್ತು. ಎಲ್ಲಕ್ಕೂ ನಡುವೆ ಮಗುವನ್ನೆತ್ತಿಕೊಂಡ ತಾಯಿ, ನಿಂತೂ ನಿಂತೂ ಸ್ವಲ್ಪ ಆಯಾಸವಾದವಳಂತೆ ಸೊಂಟ ಒಂದು ಬದಿಗೆ ಬಾಗಿಸಿ ನಿಂತಿದ್ದಳು.

ಆಮೇಲೆ ತಲೆ ಎತ್ತಿದೆವು. ಕಮಾನು ಕಮಾನಾಗಿ ಬಾಗಿದ ಆ ಚಾವಣಿ ಒಂದು ಕಾಲಕ್ಕೆ ಗಾಢ ನೀಲಿಯಾಗಿತ್ತು, ಅದರ ತುಂಬ ಚಿನ್ನದ ನಕ್ಷತ್ರಗಳಿದ್ದವು. ಮೂಲೆಗಳಲ್ಲಿ ಕಹಳೆ, ತಂತಿವಾದ್ಯ ಹಿಡಿದ ದೇವದೂತರು ರೆಕ್ಕೆ ಬಿಚ್ಚಿ ನಿಂತಿದ್ದರು. ಈಗ ಎಲ್ಲದರ ಮೇಲೂ ಮೇಣದಬತ್ತಿಯ ಹೊಗೆ ಕಟ್ಟಿ, ಮಳೆಗಾಲದ ಸಂಜೆಯ ಹಾಗೆ ಕವಿದುಕೊಂಡಿತ್ತು. ಆದರೂ ಆ ಮಬ್ಬಿನೊಳಗಿಂದ ಅಷ್ಟು ದೊಡ್ಡ ಆಕಾಶವೊಂದು ನಮ್ಮನ್ನು ನೋಡುತ್ತಿದೆ ಎನ್ನುವುದು ತಿಳಿಯುತ್ತಿತ್ತು. ಅಬ್ಬಾ ಕೊನೆಯ ಬೆಂಚಿನಲ್ಲಿ ಕುಸಿದು ಕೂತರು. ಬಹಳ ಹೊತ್ತು ಕತ್ತು ಎತ್ತಿಯೇ ಇದ್ದರು. ಕೊನೆಗೆ ಕನ್ನಡದಲ್ಲಿ ಹೇಳಿದರು: "ಯಾವನ್ಲಾ ಇದನ್ನ ಬರೆದವ್ನು!"

ಮನೆಗೆ ಸುದ್ದಿ ಮುಟ್ಟುವ ಮೊದಲೇ ಒಪ್ಪಿಗೆಯಾಗಿಹೋಯಿತು. ಆದರೆ ಅಬ್ಬಾ ಎರಡು ಷರತ್ತು ಹಾಕಿದರು. ಒಂದು, ತಾನು ಕೆಳಗಿನ ಕಂಬ, ಗೋಡೆ, ಪೀಠದ ಅಂಚುಗಳನ್ನು ಮೊದಲು ಮಾಡುತ್ತೇನೆ, ಚಾವಣಿ ಆಮೇಲೆ. ಎರಡನೆಯದು, "ಮುಖ ಮಾತ್ರ ನಾನು ಮುಟ್ಟಲ್ಲ ಫಾದರ್."

"ಧರ್ಮದ ಪ್ರಶ್ನೆನಾ ಬಾಷಾ ಅವರೇ?"

"ಅರ್ಧ ಅದು. ಇನ್ನರ್ಧ, ನಂಗೆ ಮುಖ ಬರಲ್ಲ."

ಇದು ನಿಜ. ಮದುವೆಗೆ ಮುಂಚೆ ಒಂದು ಟಾಕೀಸಿಗೆ ಅಬ್ಬಾ ಹೀರೋನ ಮುಖ ಬರೆದಿದ್ದರಂತೆ. ಬೋರ್ಡು ಮೇಲೇರಿದ ದಿನ ಅಭಿಮಾನಿಗಳು ಬಂದು, "ವಿಲನ್ ಚೆನ್ನಾಗಿ ಬಂದವ್ನೆ, ಹೀರೋ ಎಲ್ಲಿ?" ಎಂದು ಕೇಳಿದರಂತೆ. ಅಲ್ಲಿಗೆ ಮುಖಗಳ ಸಹವಾಸ ಬಿಟ್ಟರು. ಫಾದರ್ ಹೊಟ್ಟೆ ಹಿಡಿದುಕೊಂಡು ನಕ್ಕು, ಮುಖಗಳನ್ನು ಇದ್ದಂತೆಯೇ ಬಿಡೋಣ ಎಂದರು. ನಮ್ಮ ಮೊಹಲ್ಲಾದ ಹಿರಿಯರೊಬ್ಬರು "ಅಲ್ಲಿ ನಿನಗೇನು ಕೆಲಸ?" ಎಂದು ಅಬ್ಬಾನನ್ನು ಕೇಳಿದ್ದರು. "ಕೆಲಸ ಕೊಟ್ಟವರು ಅವರು, ಕೈ ಕೊಟ್ಟವನು ಅಲ್ಲಾ" ಎಂದರು ಅಬ್ಬಾ. ಉರ್ದುವಿನಲ್ಲಿ ಹೇಳಿದ್ದರಿಂದ ಮಾತು ಚೆನ್ನಾಗಿ ಒಪ್ಪಿತು. ಕನ್ನಡದಲ್ಲಿ ಹೇಳಿದ್ದರೆ ದೇವರ ಮೇಲೇ ದೂರು ಕೊಟ್ಟಂತಾಗುತ್ತಿತ್ತು.

ಸರ್ವೆ ಮರದ ಗಳಗಳನ್ನು ಹಗ್ಗದಿಂದ ಬಿಗಿದು, ನೆಲದಿಂದ ಚಾವಣಿಯವರೆಗೆ ಸಾರುವೆ ಕಟ್ಟಿದರು. ಹಂತ ಹಂತವಾಗಿ ಹಲಗೆ ಹಾಸಿದರು. ಅಬ್ಬಾ ಕೂಲಿಗೆ ಕರೆತಂದ ಇಬ್ಬರು ಪೇಂಟರುಗಳು ಗೋಡೆ ಕೆಲಸ ಶುರು ಮಾಡಿದರು. ಅಬ್ಬಾ ಕಂಬಗಳಿಗೆ ಅಮೃತಶಿಲೆಯ ಗೆರೆ ಎಳೆದರು, ಪೀಠದ ದ್ರಾಕ್ಷಿಗೆ ನೇರಳೆ ತುಂಬಿದರು. ಕೆಳಗಿನದೆಲ್ಲ ಮುಗಿಯುತ್ತಾ ಬಂತು. ಚಾವಣಿಯ ವಿಷಯ ಬಂದರೆ ಮಾತ್ರ ದಿನಕ್ಕೊಂದು ನೆಪ. ಹಲಗೆ ಅಲ್ಲಾಡುತ್ತದೆ. ಇವತ್ತು ಬೆಳಕು ಸಾಲದು. ನೀಲಿ ಇನ್ನೂ ಹದಕ್ಕೆ ಬಂದಿಲ್ಲ. ಸಾರುವೆಯ ಬುಡಕ್ಕೆ ಹೋಗಿ ಒಂದು ಗಳಕ್ಕೆ ಕೈ ಇಡುವರು, ಮೇಲೆ ನೋಡುವರು, ಹಣೆ ಒರೆಸಿಕೊಂಡು ಚಹಾ ಕುಡಿಯಲು ಹೊರಗೆ ಹೋಗುವರು. ಫಾದರಿಗೆ ಅರ್ಥವಾಗಿತ್ತೆಂದು ತೋರುತ್ತದೆ. ಅವರು ಅವಸರ ಮಾಡಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ಅಬ್ಬಾ ಹೀಗೆ ಹೊರಗೆ ಹೋಗಿದ್ದ ಒಂದು ಹೊತ್ತಿನಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿಬಿಟ್ಟೆ. ಮೇಲೆ ನಿಂತು "ನೋಡಿ ಅಬ್ಬಾ, ಏನೂ ಭಯವಿಲ್ಲ" ಎಂದು ಕೈ ಬೀಸಬೇಕೆಂಬುದು ನನ್ನ ಯೋಜನೆ. ಹತ್ತುವವರೆಗೆ ಯೋಜನೆ ಚೆನ್ನಾಗಿಯೇ ನಡೆಯಿತು. ಮೇಲಿನ ಹಲಗೆ ಮುಟ್ಟಿ, ಕೈ ಬೀಸಲೆಂದು ಕೆಳಗೆ ನೋಡಿದೆ ನೋಡಿ, ಬೆಂಚುಗಳು ಬೆಂಕಿಪೊಟ್ಟಣಗಳಾಗಿದ್ದವು. ಹಲಗೆಯ ಮೇಲೆ ಕುಕ್ಕರಿಸಿ, ಒಂದು ಗಳವನ್ನು ತಬ್ಬಿಕೊಂಡು, ಬಾಯಿ ಬಿಟ್ಟರೆ ಬಿದ್ದೇಹೋಗುತ್ತೇನೆಂಬಂತೆ ಹಲ್ಲು ಕಚ್ಚಿ ಕೂತೆ. ಪೇಂಟರುಗಳು ಕಂಡು ಕೂಗಿಕೊಂಡರು. ಅಬ್ಬಾ ಓಡಿ ಬಂದರು.

ಆಮೇಲಿನದನ್ನು ನಾನು ಕಣ್ಣಿನಿಂದ ನೋಡಲಿಲ್ಲ, ಕಿವಿಯಿಂದ ಕೇಳಿದೆ. ಗಳಗಳು ಕಿರುಗುಟ್ಟುತ್ತಿದ್ದವು. ಯಾರದೋ ಏದುಸಿರು ಮೇಲೆ ಬರುತ್ತಿತ್ತು. ಒಬ್ಬ ಪೇಂಟರು "ಸಾಬ್ರೇ, ನೀವ್ ಬ್ಯಾಡ, ನಾನ್ ಹತ್ತೀನಿ" ಎನ್ನುತ್ತಿದ್ದ. ಕೊನೆಗೆ ನನ್ನ ಕಿವಿಯ ಪಕ್ಕದಲ್ಲೇ ಅಚ್ಚ ಕನ್ನಡ ಕೇಳಿಸಿತು: "ಬುಡು ಕೈನ! ಆ ಗಳ ಬುಡು ಅಂದೆ! ನನ್ ಕೈ ಹಿಡ್ಕೊ!"

ಹಿಡಿದುಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹಲಗೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ನಾನು ಕಣ್ಣು ಬಿಟ್ಟೆ. ಅಬ್ಬಾ ನನ್ನನ್ನು ನೋಡುತ್ತಲೇ ಇರಲಿಲ್ಲ. ತಲೆಯ ಮೇಲೆ, ಕೈಗೆಟುಕುವಲ್ಲಿದ್ದ ಒಂದು ನಕ್ಷತ್ರವನ್ನು ನೋಡುತ್ತಿದ್ದರು.

"ಅಬ್ಬಾ, ಇಳಿಸಿ."

"ತಡಿ, ತಡಿ. ಇದನ್ನ ನೋಡು."

ಕೆಳಗಿನಿಂದ ಅಷ್ಟು ನಾಜೂಕಾಗಿ ಕಾಣುತ್ತಿದ್ದ ನಕ್ಷತ್ರ ಹತ್ತಿರದಿಂದ ಸೊಟ್ಟಪಟ್ಟವಾಗಿತ್ತು. ಒಂದು ಮೂಲೆ ಉದ್ದ, ಒಂದು ಗಿಡ್ಡ. ಆಚೆಯ ದೇವದೂತನಿಗೆ ಒಂದು ಕಣ್ಣು ದೊಡ್ಡದು, ಮೂಗು ನನ್ನ ಮುಂಗೈಯಷ್ಟು ಉದ್ದ. "ಚೆನ್ನಾಗೇ ಇಲ್ವಲ್ಲ" ಎಂದೆ ನಾನು, ಭಯದ ನಡುವೆಯೂ ವಿಮರ್ಶೆ ಬಿಡದೆ.

ಅಬ್ಬಾ ಆ ಗೆರೆಯ ಮೇಲೆ ಬೆರಳಾಡಿಸಿದರು. "ಪುಣ್ಯಾತ್ಮ ಇಲ್ಲಿ ಕೂತು ಬರೆದೇ ಇಲ್ಲ ಕಣೇ. ಕೈ ಇಲ್ಲಿತ್ತು ಅಷ್ಟೆ. ಕೆಳಗಡೆ ಬೆಂಚಲ್ಲಿ ಕೂತವ್ರ ಕಣ್ಣಿಗೆ ಹೆಂಗೆ ಕಾಣ್ಬೇಕೋ ಹಂಗೆ ಬರೆದವ್ನೆ. ಅಲ್ಲಿ ಕೂತ್ಕೊಂಡು ಇಲ್ಲಿ ಬರೆದವ್ನೆ!" ಅವರ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಕಳೆಯಿತ್ತು. ನಾನು ಮತ್ತೆ ಮತ್ತೆ "ಇಳಿಸಿ" ಎಂದು ಗೋಗರೆದ ಮೇಲೆಯೇ ಅವರಿಗೆ ಮಗಳ ನೆನಪು ಬಂದದ್ದು. ಮರುದಿನ ಬೆಳಗ್ಗೆ ಪೇಂಟರುಗಳೂ ನಾನೂ ಹೋಗುವಷ್ಟರಲ್ಲಿ ಅಬ್ಬಾ ಮೇಲಿದ್ದರು. ನಾನು ಮಾತ್ರ ಅಂದಿನಿಂದ ಕೆಳಗೇ ಉಳಿದೆ, ಬಣ್ಣ ಕಲಸಿಕೊಡುತ್ತಾ.

ಮೇಲೆ ಹೋದ ಮೇಲೆ ಹೊಸ ತಲೆನೋವು ಶುರುವಾಯಿತು. ಮಸಿ. ನೀರು ಹಾಕಿ ಒರೆಸಿದರೆ ಹಳೆಯ ಬಣ್ಣವೂ ಕದಡಿ ಬರುತ್ತಿತ್ತು. ಒಣಬಟ್ಟೆಯಲ್ಲಿ ಉಜ್ಜಿದರೆ ಮಸಿ ಇನ್ನಷ್ಟು ಹರಡುತ್ತಿತ್ತು. ಮುಖಗಳನ್ನು ಮುಟ್ಟುವುದಿಲ್ಲವೆಂದರೂ ಅವುಗಳ ಮೇಲಿನ ಮಸಿ ತೆಗೆಯಲೇಬೇಕಲ್ಲ. ಅಬ್ಬಾ ರಾತ್ರಿ ಊಟಕ್ಕೆ ಕೂತು ಇದನ್ನೇ ಗೊಣಗುತ್ತಿದ್ದರು. ಅಮ್ಮಿ ಒಲೆಯ ಮುಂದೆ ಚಪಾತಿ ಲಟ್ಟಿಸುತ್ತಿದ್ದಳು. ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಸ್ಟೋವಿನ ಹಿಂದಿನ ಗೋಡೆಗೆ ಒತ್ತಿ ತೆಗೆದಳು. ಸೀಮೆಎಣ್ಣೆಯ ಹೊಗೆ ಕಟ್ಟಿದ್ದ ಗೋಡೆಯ ಮೇಲೆ ದುಂಡಗೆ ಒಂದು ಬಿಳಿ ಚಂದ್ರ ಮೂಡಿತು. ಉಂಡೆಯ ತಳ ಕಪ್ಪಾಗಿತ್ತು. ಅವಳು ಅದನ್ನು ಮಡಿಚಿ ನಾದಿ ಮತ್ತೆ ಒತ್ತಿದಳು. ಅಬ್ಬಾ ತುತ್ತನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದರು.

ಹೀಗೆ ಅಮ್ಮಿ ಚರ್ಚಿಗೆ ಬಂದಳು. ಮದುವೆ, ಸಾವು, ಆಸ್ಪತ್ರೆ ಬಿಟ್ಟರೆ ಮನೆಯಿಂದ ಹೊರಗೆ ಅಷ್ಟಾಗಿ ಹೋದವಳಲ್ಲ. ಬುರ್ಖಾ ಹಾಕಿ, ಹಿಟ್ಟಿನ ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದು, ಬಾಗಿಲಲ್ಲಿ ತಡೆದು ನಿಂತಳು. ಆಮೇಲೆ ನಡುಹಾದಿಯಲ್ಲಿ ಮೆಲ್ಲಗೆ ನಡೆದು ಪೀಠದ ಮುಂದೆ ಬಂದು ತಲೆ ಎತ್ತಿದಳು. "ಬೀಬಿ ಮರಿಯಮ್" ಎಂದು ಪಿಸುಗುಟ್ಟಿ ಸಲಾಂ ಹೇಳಿದಳು. ಆ ತಾಯಿ ಒಂಟಿಯಾಗಿ ಖರ್ಜೂರದ ಮರದ ಬುಡದಲ್ಲಿ ಹೆರಿಗೆ ನೋವು ತಿಂದದ್ದನ್ನು ನಮ್ಮ ಕುರಾನಿನಿಂದ ಅಮ್ಮಿ ನನಗೆ ಚಿಕ್ಕಂದಿನಲ್ಲೇ ಹೇಳಿದ್ದಳು. ಈಗ ಅವಳು ಆ ವಿಗ್ರಹವನ್ನು ನೋಡುತ್ತಿದ್ದ ರೀತಿ, ಬಹಳ ದಿನದಿಂದ ಸುದ್ದಿ ಮಾತ್ರ ಕೇಳುತ್ತಿದ್ದ ಸಂಬಂಧಿಕರನ್ನು ಕೊನೆಗೂ ಕಂಡಂತಿತ್ತು. ಪಕ್ಕದಲ್ಲಿ ನಿಂತಿದ್ದ ಫಾದರ್ ತಲೆ ಬಾಗಿಸಿದರು.

ಮೊದಲು ಕೆಳಗಿನ ಚಿತ್ರಗಳನ್ನು ಮಾಡಿದಳು. ಒರೆಸುವುದಲ್ಲ, ಉಜ್ಜುವುದಲ್ಲ, ಬರೀ ಒತ್ತಿ ಎತ್ತುವುದು. ಮಗುವಿನ ಕೆನ್ನೆಗೆ ಪೌಡರು ಹಾಕುವ ಹಾಗೆ. ಹೊಗೆಯ ಕೆಳಗಿನಿಂದ ಒಂದೊಂದು ಮುಖವೂ ನಿದ್ದೆಯಿಂದೆದ್ದಂತೆ ಬರುತ್ತಿತ್ತು. ಗಲ್ಲದ ಗುಲಾಬಿ, ತುಟಿಯ ಪಕ್ಕದ ನೆರಳು, ಕಣ್ಣಂಚಿನ ಹನಿ. ಕೆಳಗಿನವು ಮುಗಿದ ಮೇಲೆ ಸ್ಟೂಲು ಹತ್ತಿದಳು. ಸ್ಟೂಲಿನಿಂದ ಸಾರುವೆಯ ಮೊದಲ ಹಂತಕ್ಕೆ ಹೋದಳು. ಬುರ್ಖಾ ಮಡಿಚಿ ಬೆಂಚಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳು ಅಬ್ಬಾನ ಪಕ್ಕದ ಹಲಗೆಗೆ ಯಾವಾಗ ಹೋಗಿ ಕೂತಳೋ ನಮಗ್ಯಾರಿಗೂ ತಿಳಿಯಲಿಲ್ಲ. ಕೆಳಗಿನಿಂದ ನನಗೆ ಇಬ್ಬರ ಮಾತು ಮಾತ್ರ ಕೇಳುತ್ತಿತ್ತು. ಮನೆಯಲ್ಲಿ ಉಪ್ಪು, ಸಾರು, ಕರೆಂಟು ಬಿಟ್ಟು ಬೇರೆ ಮಾತಾಡದ ನನ್ನ ಅಪ್ಪ ಅಮ್ಮ ಅಲ್ಲಿ ನೀಲಿಯ ಬಗ್ಗೆ ಜಗಳವಾಡುತ್ತಿದ್ದರು!

ಹಾಡುವವರು ನಿಲ್ಲುವ ಅಟ್ಟದ ಮೇಲೆ, ಮೂಲೆಯಲ್ಲಿ, ಒಬ್ಬ ದೇವದೂತೆಗೆ ಮುಖವಿರಲಿಲ್ಲ. ಕೈಯಲ್ಲಿ ವೀಣೆಯಂಥ ವಾದ್ಯ, ಹರವಿದ ರೆಕ್ಕೆ, ಉದ್ದನೆಯ ಕೂದಲು, ಎಲ್ಲ ಇತ್ತು. ಮುಖದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಒಂದು ತೇಪೆ. ಮಳೆನೀರು ಸೋರಿ ಹಾಳಾದದ್ದೆಂದು ಎಲ್ಲರೂ ಹೇಳುತ್ತಿದ್ದರು. ಅದೊಂದನ್ನು ಬೆಂಗಳೂರಿನಿಂದ ಯಾರನ್ನಾದರೂ ಕರೆಸಿ ಬರೆಸಬೇಕೆಂದು ಫಾದರ್ ಯೋಚಿಸಿದ್ದರು. ಅಮ್ಮಿ ಸುಮ್ಮನೆ ರೆಕ್ಕೆಯ ಮಸಿ ತೆಗೆಯುತ್ತಾ ಆ ತೇಪೆಯ ಅಂಚಿಗೂ ಉಂಡೆ ಒತ್ತಿದಳು. ಹಿಟ್ಟಿಗೆ ಮಸಿಯ ಜೊತೆ ಬಿಳಿ ಪುಡಿಯೂ ಅಂಟಿಕೊಂಡು ಬಂತು. ಇನ್ನೊಮ್ಮೆ ಒತ್ತಿದಳು. ಆಮೇಲೆ ಅವಳು ಕೂಗಿದ್ದು ಚರ್ಚಿನ ತುಂಬ ಮೊಳಗಿತು: "ಏ ಸುನಿಯೇ, ಕೇಳಿದ್ರಾ! ಇಲ್ಲಿ ಕಣ್ಣಿದೆ!"

ಅಬ್ಬಾ ಹೋಗಿ ನೋಡಿದರು. ಅದು ಸೋರಿದ ಕಲೆಯಲ್ಲ, ಸುಣ್ಣ. ಯಾರೋ ಬೇಕೆಂದೇ ಆ ಮುಖದ ಮೇಲೆ ಸುಣ್ಣ ಬಳಿದಿದ್ದರು. ಹೊಗೆಯ ಜಿಡ್ಡು ಕಟ್ಟಿದ್ದ ಬಣ್ಣದ ಮೇಲೆ ಸುಣ್ಣ ಸರಿಯಾಗಿ ಕಚ್ಚದೆ ಪುಡಿಯಾಗಿ ನಿಂತಿತ್ತು. ಅಮ್ಮಿ ಆ ಇಡೀ ದಿನ ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ. ಒಂದು ಕಣ್ಣು, ಇನ್ನೊಂದು ಕಣ್ಣು, ಹುಬ್ಬು. ಮಾಗಿದ ಗೋಧಿಯ ಬಣ್ಣದ ಕೆನ್ನೆ. ಉಳಿದ ದೇವದೂತರೆಲ್ಲ ಬೆಳ್ಳಗೆ, ಗುಲಾಬಿ ಗಲ್ಲದವರಾಗಿದ್ದರೆ ಇವಳು ನಮ್ಮ ಕಡೆಯ ಬಣ್ಣದವಳು. ಸಂಜೆಯ ಹೊತ್ತಿಗೆ ಮೂಗು ಬಂತು. ಮೂಗಿನ ಮೇಲೆ, ಕೆಂಪು ಹರಳಿನ ಒಂದು ಪುಟ್ಟ ಮೂಗುತಿ.

ಮೇಣದಬತ್ತಿ ಹಿಡಿದು ಅಟ್ಟ ಹತ್ತಿ ಬಂದ ಫಾದರ್ ಬೆಳಕನ್ನು ಆ ಮುಖದತ್ತ ಎತ್ತಿ ಹಿಡಿದರು. ಯಾರು ಬರೆದರು, ಯಾರು ಮುಚ್ಚಿದರು, ಏನೂ ಗೊತ್ತಿರಲಿಲ್ಲ. ಅಬ್ಬಾ ಮಾತ್ರ "ಅವನ ಹೆಂಡ್ತಿನೇ ಇರಬೇಕು" ಎಂದು ತೀರ್ಪು ಕೊಟ್ಟರು. "ತಾಯಿಯೂ ಇರಬಹುದಲ್ಲ" ಎಂದಳು ಅಮ್ಮಿ, ಕೈಯ ಹಿಟ್ಟು ಉದುರಿಸಿಕೊಳ್ಳುತ್ತಾ.

ಸುದ್ದಿ ಹಬ್ಬಿತು. ಚರ್ಚಿನ ಕಮಿಟಿಯಲ್ಲಿದ್ದ ಆಂಥೋನಿ ಮೇಷ್ಟ್ರು ಮರುದಿನವೇ ಬಂದರು. ನಿವೃತ್ತರು, ಗಂಭೀರ ಮನುಷ್ಯ. ಬಹಳ ಹೊತ್ತು ನೋಡಿ ತಲೆಯಾಡಿಸಿದರು. "ಹಿರಿಯರು ಏನೋ ಕಾರಣಕ್ಕೇ ಮುಚ್ಚಿರ್ತಾರೆ ಫಾದರ್. ದೇವದೂತರಿಗೆ ಒಡವೆ ಎಲ್ಲಿಂದ ಬಂತು? ಪ್ರಾರ್ಥನೆಗೆ ಬಂದವರು ಇದನ್ನೇ ನೋಡ್ತಾ ಕೂತ್ಕೋತಾರೆ. ಬಾಷಾ ಅವರೇ, ಮುಖ ಇರಲಿ, ಆ ಮೂಗುತಿ ಒಂದನ್ನ ಅಳಿಸಿಬಿಡಿ."

ಅಬ್ಬಾ ಕೈಕಟ್ಟಿ ನಿಂತಿದ್ದರು. "ನಾನು ಮುಖ ಮುಟ್ಟಲ್ಲ ಅಂತ ಮೊದಲೇ ಹೇಳಿದೀನಿ ಮೇಷ್ಟ್ರೇ. ಬರೆಯೋಕೂ ಮುಟ್ಟಲ್ಲ, ಅಳಿಸೋಕೂ ಮುಟ್ಟಲ್ಲ."

ಆ ರಾತ್ರಿ ಅಮ್ಮಿ ಉಣ್ಣಲಿಲ್ಲ. ತನ್ನ ಕೈಯಾರೆ ಬೆಳಕಿಗೆ ತಂದ ಮೂಗುತಿಯನ್ನು ಮತ್ತೆ ಅಳಿಸಿಹಾಕುವುದನ್ನು ಅವಳು ಸಹಿಸಲಾರಳೆಂದು ನಮಗೆ ಗೊತ್ತಾಗುತ್ತಿತ್ತು. ಚರ್ಚು ಅವರದು, ನಿರ್ಧಾರವೂ ಅವರದು, ನಮ್ಮ ಬಾಯಿಂದ ಮಾತು ಬರುವಂತಿರಲಿಲ್ಲ. ಫಾದರ್ "ಭಾನುವಾರ ಜನ ನೋಡಲಿ, ಆಮೇಲೆ ತೀರ್ಮಾನ ಮಾಡೋಣ" ಎಂದಿದ್ದರು.

ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ನಾವು ಮೂವರೂ ಹೋಗಿ ಬಾಗಿಲ ಬಳಿ ನಿಂತೆವು. ಜನ ಹೊರಡುವ ಬದಲು ಹಿಂದಕ್ಕೆ ತಿರುಗಿ ಅಟ್ಟದ ಮೇಲಿನ ಮೂಲೆಯತ್ತ ಕತ್ತೆತ್ತಿದರು. ಗುಸುಗುಸು ಶುರುವಾಯಿತು. ಕೆಲವರು ನಕ್ಕರು, ಕೆಲವರು ಶಿಲುಬೆಯ ಗುರುತು ಮಾಡಿಕೊಂಡರು. ಆಂಥೋನಿ ಮೇಷ್ಟ್ರು ತಮ್ಮ ಮಾತನ್ನು ಮತ್ತೆ ವಿವರಿಸತೊಡಗಿದರು. ಸಂಪ್ರದಾಯ, ಗಾಂಭೀರ್ಯ, ಇತ್ಯಾದಿ. ಅಷ್ಟರಲ್ಲಿ ಅವರ ಹೆಂಡತಿ ಫಿಲೋಮಿನಮ್ಮ, ಹೆಂಗಸರ ಸಾಲಿನಿಂದ ಮುಂದೆ ಬಂದರು. ತುಂಬು ಮೈಯ, ನಿಧಾನದ ಹೆಂಗಸು. ಅವರ ಮೂಗಿನ ಮೇಲೂ ಹರಳಿತ್ತು.

"ಹಂಗಾದ್ರೆ ನಾನು ಇನ್ಮೇಲೆ ಇದನ್ನ ಬಿಚ್ಚಿಟ್ಟು ಪೂಜೆಗೆ ಬರ್ಬೇಕಾ, ಹೇಳ್ರೀ?" ಎಂದರು.

ಮೇಷ್ಟ್ರು ಸುತ್ತ ನಿಂತಿದ್ದ ಹೆಂಗಸರನ್ನು ನೋಡಿದರು. ಅಜ್ಜಿಯರು, ಸೊಸೆಯಂದಿರು, ಬಹುತೇಕ ಎಲ್ಲರ ಮೂಗೂ ಮಿನುಗುತ್ತಿತ್ತು. "ನಾನು ಹಂಗಲ್ಲಮ್ಮ ಹೇಳಿದ್ದು..." ಎಂದು ಶುರು ಮಾಡಿ, ಮುಂದೆ ದಾರಿ ಕಾಣದೆ, ತಾವೇ ನಕ್ಕುಬಿಟ್ಟರು. ಆ ನಗು ಚರ್ಚಿನ ತುಂಬ ಹರಡಿತು. ಫಾದರ್ ಅಮ್ಮಿಯ ಹತ್ತಿರ ಬಂದು ಹೇಳಿದರು, "ಮುಗೀತಮ್ಮ. ಅವಳು ಹೀಗೇ ಇರ್ತಾಳೆ." ಅಮ್ಮಿ ಮುಸುಕಿನಲ್ಲಿ ಮುಖ ಮರೆಸಿಕೊಂಡು ಅತ್ತಳು. ಫಿಲೋಮಿನಮ್ಮ ಬಂದು ಅವಳ ಕೈ ಹಿಡಿದುಕೊಂಡು, "ನೀವೇನಾ ಹಿಟ್ಟಿನಮ್ಮ?" ಎಂದು ಕೇಳಿದರು. ಆ ಹೆಸರು ಹಾಗೆಯೇ ಉಳಿದುಕೊಂಡಿತು.

ಹಬ್ಬದ ಸಂಜೆ ನಮ್ಮನ್ನೂ ಕರೆದಿದ್ದರು. ಸ್ವಲ್ಪ ಹಿಂದೆ ಕೂತಿದ್ದೆವು. ಸಾರುವೆ ಬಿಚ್ಚಿದ್ದರು. ಎಲ್ಲ ದೀಪಗಳನ್ನೂ ಒಮ್ಮೆಗೇ ಹಚ್ಚಿದಾಗ ಜನರ ಬಾಯಿಂದ ಒಂದೇ ಉಸಿರು ಹೊರಟಿತು. ಅಷ್ಟು ದಿನ ತುಂಡು ತುಂಡಾಗಿ ನೋಡಿದ್ದು, ಒಂದು ಎಲೆ, ಒಂದು ರೆಕ್ಕೆ, ಒಂದು ಅಂಗುಲ ನೀಲಿ, ಎಲ್ಲ ಕೂಡಿಕೊಂಡು ಈಗ ಒಂದೇ ಆಗಿತ್ತು. ಕಂಬಗಳು ಹಾಡಿನ ಜೊತೆ ಮೇಲೇರುತ್ತಿದ್ದಂತಿತ್ತು. ಪೀಠದ ಗೋಪುರಗಳು ಮೇಣದಬತ್ತಿಯ ಬೆಳಕಿನಲ್ಲಿ ಉಸಿರಾಡುತ್ತಿದ್ದವು. ನಾನು ಸೊಟ್ಟ ಎಂದು ಹಳಿದಿದ್ದ ಆ ನಕ್ಷತ್ರಗಳು ಒಂದೊಂದೂ ತನ್ನ ಜಾಗದಲ್ಲಿ ನಿಂತು ಬೆಳಗುತ್ತಿದ್ದವು. ನಾವು ಮೂವರು ಇದರಲ್ಲಿ ಕೈಯಾಡಿಸಿದವರೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅಬ್ಬಾ ಚಾವಣಿ ನೋಡುತ್ತಿದ್ದರು. ಅಮ್ಮಿ ಹಿಂದಕ್ಕೆ ತಿರುಗಿ ಅಟ್ಟದ ಮೂಲೆಯನ್ನು ನೋಡುತ್ತಿದ್ದಳು.

ಅದಾದ ಮೇಲೆ ಕಥೆ ನಾವು ಯಾರೂ ನೆನೆಸದ ಕಡೆ ತಿರುಗಿತು. ಬಣ್ಣದ ಕೆಲಸಕ್ಕೆ ಅಬ್ಬಾನನ್ನು ಕೇಳಿಕೊಂಡು ಬರುತ್ತಾರೆಂದು ನಾವು ಕಾಯುತ್ತಿದ್ದರೆ, ಬಂದವರೆಲ್ಲ ಹಿಟ್ಟಿನಮ್ಮ ಎಲ್ಲಿ ಎಂದು ಕೇಳಿದರು. ಮೊದಲು ಗುಬ್ಬಿ ಕಡೆಯ ಒಂದು ಮಠದವರು ಬಂದರು. ಅವರ ಹಜಾರದ ಗೋಡೆಯಲ್ಲಿದ್ದ ಶರಣರ ಚಿತ್ರಗಳು ದೀಪದ ಹೊಗೆಗೆ ಕಪ್ಪಾಗಿದ್ದವು. ಆಮೇಲೆ ಒಂದು ದರ್ಗಾದ ಹೂಬಳ್ಳಿಗಳು. ಆಮೇಲೆ ಹಳೆಯ ವರ್ತಕರ ಮನೆಯೊಂದರ ಪಡಸಾಲೆ. ಅಮ್ಮಿ ಮೈದಾ ಹಿಟ್ಟು, ಗೋಧಿ ಹಿಟ್ಟು, ಬ್ರೆಡ್ಡಿನ ತಿರುಳು ಎಂದು ಒಂದೊಂದು ಗೋಡೆಗೆ ಒಂದೊಂದು ಹದ ಕಂಡುಕೊಂಡಳು. ಬೋರ್ಡು ಬರೆಯುತ್ತಿದ್ದ ಪೇಂಟರ್ ಬಾಷಾ ಈಗ ಹಿಟ್ಟಿನಮ್ಮನ ಯಜಮಾನರು. ಅದರಿಂದ ಅವರಿಗೆ ಬೇಸರವೇನಾದರೂ ಆಗಿದೆಯೇ ಎಂದು ನಾನು ಎಷ್ಟೋ ಸಲ ಮುಖ ನೋಡಿ ಹುಡುಕಿದ್ದೇನೆ. ಕಂಡಿಲ್ಲ.

ಇಷ್ಟೆಲ್ಲ ನೆನಪಾಗಿ, ಇವತ್ತು ಕೊನೆಯ ಪೀರಿಯಡ್ಡು ಮುಗಿದ ಕೂಡಲೇ ಅಮ್ಮಿಯ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದ್ದು ಅಬ್ಬಾ. ಇಬ್ಬರೂ ಸಿ.ಎಸ್. ಪುರದಲ್ಲಿದ್ದಾರೆ. ಅಲ್ಲಿಯ ಹಳೆಯ ಮನೆಯೊಂದರ ತೊಲೆಯ ಮೇಲೆ ಗಿಳಿಗಳ ಸಾಲು ಇದೆಯಂತೆ.

"ಅಮ್ಮಿಗೆ ಕೊಡಿ" ಎಂದೆ.

"ನಿಮ್ಮಮ್ಮಿ ಮೇಲಿದಾಳೆ. ಇಳಿದ್ಮೇಲೆ ಮಾಡ್ತಾಳೆ."

"ನೀವೇನು ಮಾಡ್ತಿದೀರಿ ಅಬ್ಬಾ?"

"ಏಣಿ ಹಿಡ್ಕೊಂಡಿದೀನಿ." ಅಷ್ಟರಲ್ಲಿ ಮೇಲಿನಿಂದ ಅಮ್ಮಿ ಏನೋ ಗದರಿಸಿದ್ದು ನನಗೂ ಕೇಳಿಸಿತು. ಅಬ್ಬಾ ದನಿ ತಗ್ಗಿಸಿದರು. "ಫೋನ್ ಇಡು, ಇಡು. ಒಂದೇ ಕೈಲಿ ಹಿಡ್ಕೊಂಡಿರೋದು ನೋಡ್ಬಿಟ್ಲು."